ಡಬ್ಲಿನ್‌ನ ರಾಷ್ಟ್ರೀಯ ಚಿತ್ರಶಾಲೆ ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ಜಲವರ್ಣ ಚಿತ್ರಗಳನ್ನು ಜನವರಿಯಲ್ಲಿ ಮಾತ್ರ ತೋರಿಸುವುದೇಕೆ?

ದಾನಿಯ ಷರತ್ತೇ ಹಾಗಿದೆ. ಸಂಗ್ರಾಹಕ ಹೆನ್ರಿ ವಾನ್‌ನ ಉಯಿಲಿನಂತೆ 1900ರಲ್ಲಿ ಟರ್ನರ್‌ನ 31 ಕೃತಿಗಳು ಐರ್ಲೆಂಡಿನ ಈ ಚಿತ್ರಶಾಲೆಗೆ ಬಂದವು. ಉಯಿಲಿನ ಷರತ್ತು: ಎಲ್ಲವನ್ನೂ ಒಟ್ಟಿಗೆ, ಉಚಿತವಾಗಿ, ಜನವರಿಯಲ್ಲಿ ತೋರಿಸಬೇಕು. ಅಲ್ಲಿ ಆಗ ಹಗಲು ಚಿಕ್ಕದು, ಬಿಸಿಲು ಮಂಕು. ಸ್ಕಾಟ್ಲೆಂಡಿನ ಎಡಿನ್‌ಬರೊದ ಚಿತ್ರಶಾಲೆಗೆ ಆತ ಕೊಟ್ಟ 38 ಚಿತ್ರಗಳಿಗೂ ಇದೇ ನಿಯಮ.

ಜಲವರ್ಣದಲ್ಲಿ ಬಣ್ಣದ ಪದರ ಬಹಳ ತೆಳು. ತೈಲಚಿತ್ರದಂತೆ ಎಣ್ಣೆಯ ಕವಚವಿಲ್ಲ. ಬೆಳಕು ಬಣ್ಣದ ಅಣುಗಳನ್ನು ನೇರವಾಗಿ ಒಡೆಯುತ್ತದೆ. ಮೊದಲು ಹೋಗುವುದು ನೀಲಿ (ಇಂಡಿಗೊ) ಮತ್ತು ಕಾರ್ಮೈನ್ ಕೆಂಪು. ನೀಲಿಗೆ ಕೆಮ್ಮಣ್ಣಿನ ಬಣ್ಣ ಬೆರೆಸಿ ಬಳಿದ ಬೂದು ಮೋಡದಲ್ಲಿ ನೀಲಿ ಮಾಸಿದರೆ ಕೆಂಪಷ್ಟೇ ಉಳಿದು, ಮಳೆಯ ಆಕಾಶ ಸಂಜೆಗೆಂಪಾಗಿ ಕಾಣುತ್ತದೆ. ಚಿತ್ರದ ಅರ್ಥವೇ ಬದಲಾಗುವ ನಷ್ಟವಿದು.

ಹಾನಿ ನಿಂತಿರುವುದು ಬೆಳಕಿನ ಒಟ್ಟು ಪ್ರಮಾಣದ ಮೇಲೆ: 50 ಲಕ್ಸ್‌ನಲ್ಲಿ (ಲಕ್ಸ್ ಬೆಳಕಿನ ಅಳತೆ) 10 ಗಂಟೆ, 500 ಲಕ್ಸ್‌ನಲ್ಲಿ 1 ಗಂಟೆ, ಹೆಚ್ಚುಕಡಿಮೆ ಎರಡೂ ಒಂದೇ. ಕತ್ತಲಲ್ಲಿಟ್ಟರೆ ಮಾಸುವುದು ನಿಲ್ಲುತ್ತದೆ, ಹೋದ ಬಣ್ಣ ಮರಳುವುದಿಲ್ಲ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿದರೂ ಕಣ್ಣಿಗೆ ಕಾಣುವ ಬೆಳಕು ಬಣ್ಣವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕೇ ಇಂದಿನ ವಸ್ತುಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಮಿತಿ ಇಟ್ಟು, ಪ್ರದರ್ಶನದಲ್ಲಿರುವ ಕೃತಿಗಳನ್ನು ಕೆಲವು ತಿಂಗಳಿಗೊಮ್ಮೆ ಬದಲಿಸುತ್ತವೆ.