ಭಾನುವಾರ ಕೆರೆ ಅಳೆದರೆ ಏನು ಸಿಗುತ್ತದೆ?

ಓದುಗರ ಪತ್ರದ ಸಾರ: "ಊರಿನ ಯುವಜನರಿಗಾಗಿ ನಡೆಯುವ ಕಲಾ ಕೇಂದ್ರ, ಹಸಿರು ವಿಜ್ಞಾನ ತಂಡಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಓದಿದೆ. ಬರೀ ಹೊಗಳಿಕೆ. ನನ್ನ ಮಗಳಿಗೆ 16 ವರ್ಷ. ಪ್ರತಿ ಭಾನುವಾರ ಅಂಥದ್ದೇ ಒಂದು ಕೇಂದ್ರಕ್ಕೆ ಹೋಗುತ್ತಾಳೆ. ಅರ್ಧ ದಿನ ನಾಟಕ, ಅರ್ಧ ದಿನ ಕೆರೆ ನೀರಿನ ಪರೀಕ್ಷೆ. ಮುಂದಿನ ವರ್ಷ ಅವಳಿಗೆ ದೊಡ್ಡ ಪರೀಕ್ಷೆ ಇದೆ. ಇದರಿಂದ ಅವಳಿಗೆ ಏನಾದರೂ ಸಿಗುತ್ತದೆಯೇ? ವಿಜ್ಞಾನಕ್ಕೆ ನಾಟಕ ಬೆರೆಸಿದರೆ ವಿಜ್ಞಾನ ತೆಳುವಾಗುವುದಿಲ್ಲವೇ? ಒಳ್ಳೆಯ ಕೇಂದ್ರ ಯಾವುದು, ಸುಮ್ನೆ ಫೋಟೊ ತೆಗೆಸಿಕೊಳ್ಳುವ ಕೇಂದ್ರ ಯಾವುದು ಎಂದು ನನ್ನಂಥವರು ತಿಳಿಯುವುದು ಹೇಗೆ? ನನ್ನ ಹೆಸರು ಹಾಕಬೇಡಿ."

ಮಾನ್ಯರೇ,

ಹೆಸರು ಹಾಕಿಲ್ಲ. ಹೊಗಳಿಕೆಯ ಬಗೆಗಿನ ನಿಮ್ಮ ಮಾತನ್ನು ಲೇಖಕರಿಗೆ ದಾಟಿಸಿದ್ದೇನೆ. ನಿಮ್ಮ ಮೂರು ಪ್ರಶ್ನೆಗಳಿಗೆ ನಾನೇ ಉತ್ತರ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಪತ್ರಗಳು ನಮಗೆ ಆಗಾಗ ಬರುತ್ತವೆ. ಹೆಚ್ಚಿನವು ಇಷ್ಟು ನೇರವಾಗಿ ಇರುವುದಿಲ್ಲ.

ಮೊದಲು ಅಂಕದ ವಿಷಯ. ನೀವು ಕೇಳಿಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಅದೇ, ಅಲ್ವಾ? ನಾಟಕ ಆಡಿದರೆ, ಗಿಡ ನೆಟ್ಟರೆ ಅಂಕ ಜಾಸ್ತಿ ಬರುತ್ತದೆ ಎಂದು ಯಾವ ಕೇಂದ್ರವಾದರೂ ಭರವಸೆ ಕೊಟ್ಟರೆ ನಂಬಬೇಡಿ. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೊನಿಯೊ ಅಬ್ರೆಯು ಶುರು ಮಾಡಿದ 'ಎಲ್ ಸಿಸ್ಟೆಮಾ' ಎಂಬ ಮಕ್ಕಳ ವಾದ್ಯವೃಂದಗಳ ವ್ಯವಸ್ಥೆ ಇದೆ. ಕಲೆಯಿಂದ ಮಕ್ಕಳ ಬದುಕು ಬದಲಾಗುತ್ತದೆ ಎನ್ನುವವರು ಮೊದಲು ತೆಗೆಯುವ ಹೆಸರು ಅದು. ಅದನ್ನು ಗಟ್ಟಿಯಾಗಿ ಪರೀಕ್ಷಿಸಿದ್ದಾರೆ. 16 ಕೇಂದ್ರಗಳಿಗೆ ಅರ್ಜಿ ಹಾಕಿದ್ದ 2,914 ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವರನ್ನು 2012ರಲ್ಲಿ ಸೇರಿಸಿಕೊಂಡರು, ಉಳಿದವರನ್ನು ಒಂದು ವರ್ಷ ಕಾಯಿಸಿದರು. ಮೊದಲು ಸೇರಿದವರಲ್ಲಿ ತಮ್ಮನ್ನು ತಾವೇ ಹಿಡಿತದಲ್ಲಿ ಇಟ್ಟುಕೊಳ್ಳುವ ಗುಣ ಹೆಚ್ಚಿತ್ತು, ನಡವಳಿಕೆಯ ತೊಂದರೆಗಳು ಕಡಿಮೆ ಇದ್ದವು. ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗಳಲ್ಲಿ ಮಾತ್ರ ಎರಡೂ ಗುಂಪಿಗೆ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಅಂಕಕ್ಕಾಗಿ ಮಗಳನ್ನು ಕಳಿಸುತ್ತಿದ್ದರೆ ಇಂದೇ ಬಿಡಿಸಿ. ಅಂಕಕ್ಕೆ ಬೇರೆ ದಾರಿ ಇದೆ.

ಹಾಗಾದರೆ ಸಿಗುವುದೇನು? ಇದಕ್ಕೆ ಇನ್ನೊಂದು ಅಧ್ಯಯನ ನೋಡಿ. ಷಿಕಾಗೊ ನಗರ, 2012ರ ಬೇಸಿಗೆ. ಹಿಂಸೆ ಜಾಸ್ತಿ ಇರುವ ಬಡಾವಣೆಗಳ 13 ಹೈಸ್ಕೂಲುಗಳಿಂದ 1,634 ಹುಡುಗ ಹುಡುಗಿಯರು ಅರ್ಜಿ ಹಾಕಿದ್ದರು. ಇಲ್ಲೂ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ 8 ವಾರ ಸಂಬಳದ ಕೆಲಸ ಕೊಟ್ಟರು. ಕೆಲವರು ಸಮುದಾಯದ ತೋಟದಲ್ಲಿ ದುಡಿದರು, ಕೆಲವರು ಚಿಕ್ಕಮಕ್ಕಳ ಶಿಬಿರ ನೋಡಿಕೊಂಡರು, ಕೆಲವರು ಜನಪ್ರತಿನಿಧಿಗಳ ಕಚೇರಿಯಲ್ಲಿ ಇದ್ದರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಇವರ ಬಂಧನ, ಆಯ್ಕೆಯಾಗದವರಿಗೆ ಹೋಲಿಸಿದರೆ, 43% ಕಡಿಮೆ ಇತ್ತು. ಆ ಇಳಿಕೆಯ ಬಹುಪಾಲು ಕಂಡದ್ದು ಕೆಲಸ ಮುಗಿದು ಹೋದ ಮೇಲೆ. ಬೇಸಿಗೆಯಲ್ಲಿ ಪುರುಸೊತ್ತಿಲ್ಲದೆ ಸುಮ್ಮನಿದ್ದರು ಎಂದು ಇದನ್ನು ತಳ್ಳಿಹಾಕಲು ಆಗುವುದಿಲ್ಲ.

ನಿಮ್ಮ ಮಗಳು ಜಗಳಗಂಟಿ ಎಂದು ನಾನು ಹೇಳುತ್ತಿಲ್ಲ. ನಾನು ನೋಡುತ್ತಿರುವುದು ಆ ಕೆಲಸದ ಗುಣವನ್ನು. ತೋಟಕ್ಕೆ ನೀರು ಹಾಕದಿದ್ದರೆ ಗಿಡ ಸಾಯುತ್ತದೆ. ಶಿಬಿರಕ್ಕೆ ಹೋಗದಿದ್ದರೆ ಮಕ್ಕಳನ್ನು ಯಾರೂ ನೋಡಿಕೊಳ್ಳುವುದಿಲ್ಲ. ಆ ಕಡೆ ಯಾರೋ ಇವರಿಗಾಗಿ ಕಾಯುತ್ತಿದ್ದಾರೆ. ಹದಿನಾರರ ಹರೆಯದಲ್ಲಿ ಈ ಅನುಭವ ಬಹಳ ಅಪರೂಪ. ಶಾಲೆಯಲ್ಲಿ ಬರೆದ ಉತ್ತರವನ್ನು ಮೇಷ್ಟ್ರು ಓದುತ್ತಾರೆ, ಗೆರೆ ಎಳೆಯುತ್ತಾರೆ, ಅಲ್ಲಿಗೆ ಮುಗಿಯಿತು. ಆ ಉತ್ತರ ಜಗತ್ತಿನಲ್ಲಿ ಬೇರೆ ಯಾರಿಗೂ ಬೇಕಿರಲಿಲ್ಲ.

ಬಾಸ್ಟನ್ನಿನಲ್ಲಿ 1991ರಲ್ಲಿ ಶುರುವಾದ 'ಆರ್ಟಿಸ್ಟ್ಸ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆ ಇದನ್ನು ಚೆನ್ನಾಗಿ ಅರಿತಿದೆ. ಅದು ಹದಿಹರೆಯದವರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳುತ್ತದೆ. ಹೊರಗಿನ ಗ್ರಾಹಕರು ಬಂದು ಚಿತ್ರ, ವಿನ್ಯಾಸ ಮಾಡಿಸಿಕೊಳ್ಳುತ್ತಾರೆ. ಗ್ರಾಹಕನಿಗೆ ಹಿಡಿಸದಿದ್ದರೆ ಮತ್ತೆ ಮಾಡಬೇಕು. 'ಮಗು ಎಷ್ಟು ಚಂದ ಬರೆದಿದೆ' ಎಂಬ ಚಪ್ಪಾಳೆ ಅಲ್ಲಿ ನಡೆಯುವುದಿಲ್ಲ. ವಿಜ್ಞಾನದಲ್ಲಿ ಇದೇ ಗುಣ ಇರುವುದು 1995ರಿಂದ ನಡೆಯುತ್ತಿರುವ 'ಗ್ಲೋಬ್' ಯೋಜನೆಗೆ. 100ಕ್ಕೂ ಹೆಚ್ಚು ದೇಶಗಳ ಶಾಲಾ ಮಕ್ಕಳು ಮಳೆ, ಮಣ್ಣು, ನೀರು, ಮೋಡಗಳನ್ನು ಗಮನಿಸಿ ವರದಿ ಕಳಿಸುತ್ತಾರೆ. ಉಪಗ್ರಹ ಮೋಡವನ್ನು ಮೇಲಿನಿಂದ ನೋಡುತ್ತದೆ. ಕೆಳಗಿನಿಂದ ಅದೇ ಮೋಡ ಹೇಗೆ ಕಾಣುತ್ತದೆ ಎಂದು ಹೇಳಲು ನೆಲದ ಮೇಲೆ ಒಬ್ಬರು ನಿಂತಿರಬೇಕು. ಆ ಒಬ್ಬರು ಹದಿಮೂರರ ಹುಡುಗಿಯಾದರೂ ಸಾಕು, ಹೊತ್ತು ಸರಿಯಾಗಿ ಬರೆದಿದ್ದರೆ.

ಹೊತ್ತು ಎಂದೆ. ನಿಮ್ಮ ಮಗಳ ಕೆರೆಯ ವಿಷಯಕ್ಕೆ ಇಲ್ಲಿಂದಲೇ ಬರಬಹುದು. ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಕೆರೆ ಪರೀಕ್ಷೆ ಎಂದರೆ ಪಟ್ಟಿ ಅದ್ದಿ ಬಣ್ಣ ನೋಡುವುದು ಎಂದು ನೀವು ಅಂದುಕೊಂಡಂತಿದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ತೆಗೆದುಕೊಳ್ಳಿ. ಮೀನು ಬದುಕುವುದು ಅದರಿಂದ. 0 ಡಿಗ್ರಿಯ ಶುದ್ಧ ನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಹೆಚ್ಚುಕಮ್ಮಿ 7.5ಕ್ಕೆ ಇಳಿಯುತ್ತದೆ. ಇದು ಪುಸ್ತಕದಲ್ಲಿ ಇರುವ ಪಾಠ. ಈಗ ಒಂದು ತಂಡ ಹಸಿರುಗಟ್ಟಿದ ಕೆರೆಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಅಳೆಯುತ್ತದೆ ಎಂದುಕೊಳ್ಳಿ. ಆಮ್ಲಜನಕ ಭರ್ಜರಿ. ಕೆರೆ ಚೆನ್ನಾಗಿದೆ ಎಂದು ಬರೆದುಕೊಂಡು ಮನೆಗೆ ಹೋಗುತ್ತಾರೆ. ಆದರೆ ಆ ಆಮ್ಲಜನಕ ಬಂದದ್ದೇ ಪಾಚಿಯಿಂದ, ಬಿಸಿಲಿನಲ್ಲಿ. ರಾತ್ರಿ ಬೆಳಕಿಲ್ಲ. ಪಾಚಿಯೂ ಉಸಿರಾಡುತ್ತದೆ, ಕೊಳೆಯುವ ಕಸದ ಮೇಲಿನ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ಎಲ್ಲ ಖಾಲಿ. ಮೀನು ಸತ್ತು ತೇಲುವುದು ಆಗ. ಒಂದೇ ಕೆರೆ, ಒಂದೇ ದಿನ, ಎರಡು ತದ್ವಿರುದ್ಧ ಉತ್ತರ. ಎರಡೂ ಸರಿಯಾದ ಅಳತೆಗಳೇ. ಇದನ್ನು ಕೈಯಾರೆ ಕಂಡುಕೊಂಡ ಹುಡುಗಿ ಮುಂದೆ ಯಾರಾದರೂ ಒಂದು ಅಂಕಿ ತೋರಿಸಿ ವಾದ ಮಾಡಿದರೆ ಮೊದಲು ಕೇಳುತ್ತಾಳೆ: ಎಷ್ಟು ಹೊತ್ತಿಗೆ ಅಳೆದದ್ದು?

ಇನ್ನು ನಿಮ್ಮ ಎರಡನೇ ಪ್ರಶ್ನೆ. ವಿಜ್ಞಾನ ತೆಳುವಾಗುತ್ತದೆಯೇ? ಆಗಬಹುದು. ವೇದಿಕೆ ಮೇಲೆ ಒಬ್ಬ ಮರದ ವೇಷ ಹಾಕಿ ಅಳುತ್ತಾನೆ, ಇನ್ನೊಬ್ಬ ಕೊಡಲಿ ಹಿಡಿದು ನಗುತ್ತಾನೆ, ಕೊನೆಗೆ ಎಲ್ಲರೂ ಸೇರಿ 'ಗಿಡ ನೆಡಿ' ಎನ್ನುತ್ತಾರೆ. ಇಂಥವನ್ನು ನೋಡಿ ನೋಡಿ ಸಾಕಾಗಿದೆ. ಅದರಲ್ಲಿ ವಿಜ್ಞಾನವೂ ಇಲ್ಲ, ನಾಟಕವೂ ಇಲ್ಲ. ಆದರೆ ತಪ್ಪು ಬೆರೆಸಿದ್ದರಲ್ಲಿ ಇಲ್ಲ. ಹೇಳಲು ಏನೂ ಇಲ್ಲದೆ ವೇದಿಕೆ ಹತ್ತಿದ್ದರಲ್ಲಿ ಇದೆ.

ಕೆರೆಯ ಹುಳಗಳನ್ನು ನೋಡಿ ನೀರಿನ ಗುಣ ಹೇಳುವ ಒಂದು ವಿಧಾನ ಇದೆ. ಮೇಫ್ಲೈ ಎಂಬ ಕೀಟದ ಮರಿಗಳು ಹೆಚ್ಚಾಗಿ ಶುದ್ಧ ನೀರನ್ನು ಬಯಸುತ್ತವೆ. ಕೆಸರಿನಲ್ಲಿ ಬರೀ ಕೆಂಪು ಹುಳಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ ಎಂದು ಊಹಿಸಬಹುದು. ಅವುಗಳ ಕೆಂಪು ಬಣ್ಣ ನಮ್ಮ ರಕ್ತದಲ್ಲಿ ಇರುವಂಥ ಹಿಮೋಗ್ಲೋಬಿನ್‌ನದ್ದು. ಇರುವ ಚೂರುಪಾರು ಆಮ್ಲಜನಕವನ್ನು ಹಿಡಿದುಕೊಳ್ಳಲು ಅದು ಬೇಕು. ಆದರೆ ಮೇಫ್ಲೈ ಮರಿ ಯಾವುದು, ಅದರಂತೆಯೇ ಕಾಣುವ ಸ್ಟೋನ್‌ಫ್ಲೈ ಮರಿ ಯಾವುದು? ಸಾಮಾನ್ಯವಾಗಿ ಮೊದಲನೆಯದಕ್ಕೆ ಮೂರು ಬಾಲ, ಎರಡನೆಯದಕ್ಕೆ ಎರಡು. ಮೊಬೈಲಿನಲ್ಲಿ ಫೋಟೊ ತೆಗೆದವರು ಬಾಲ ಎಣಿಸುವುದಿಲ್ಲ. ಪೆನ್ಸಿಲ್ ಹಿಡಿದವರು ಎಣಿಸದೆ ಬಿಡಿಸಲಾರರು. ಚಿತ್ರಕಲೆ ಇಲ್ಲಿ ಅಲಂಕಾರವಲ್ಲ, ಅದೇ ಪರೀಕ್ಷೆ. ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಬಿಲ್ಲೆಯೂ ಅಷ್ಟೇ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ಬಿಲ್ಲೆಯನ್ನು ಸಮುದ್ರಕ್ಕೆ ಇಳಿಬಿಟ್ಟು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಿದರು. ಇಂದು ಕೆರೆಗಳಲ್ಲಿ ಬಳಸುವ 20 ಸೆಂಟಿಮೀಟರಿನ ಕಪ್ಪು ಬಿಳುಪು ಬಿಲ್ಲೆಯನ್ನು ಮಕ್ಕಳೇ ಬಣ್ಣ ಬಳಿದು ಮಾಡಿಕೊಳ್ಳಬಹುದು.

ನಾಟಕದ ವಿಷಯಕ್ಕೆ ಕೇರಳದ ಉದಾಹರಣೆ ಇದೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಹುಟ್ಟಿದ್ದು ಮಲಯಾಳದಲ್ಲಿ ವಿಜ್ಞಾನ ಬರೆಯುವವರ ಕೂಟವಾಗಿ. 1970ರ ದಶಕದ ಕೊನೆಯಲ್ಲಿ ಸೈಲೆಂಟ್ ವ್ಯಾಲಿ ಕಾಡಿನ ಜಲವಿದ್ಯುತ್ ಯೋಜನೆ ಬೇಡ ಎಂದಾಗ ಅದು ಬರೀ ಘೋಷಣೆ ಕೂಗಲಿಲ್ಲ. ಯೋಜನೆಯ ಲಾಭ ನಷ್ಟವನ್ನು ಕೂತು ಲೆಕ್ಕ ಹಾಕಿ ಪ್ರಕಟಿಸಿತು. 1980ರಲ್ಲಿ ಶಾಸ್ತ್ರ ಕಲಾ ಜಾಥಾ ಶುರು ಮಾಡಿ, ಹಾಡು, ಬೀದಿನಾಟಕಗಳನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಸೈಲೆಂಟ್ ವ್ಯಾಲಿ 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಸಂಘಟನೆಯಿಂದಲೇ ಆಯಿತು ಎನ್ನುವಂತಿಲ್ಲ, ಕವಿಗಳು, ವಿಜ್ಞಾನಿಗಳು, ಬಹಳ ಜನ ಕೈಹಾಕಿದ್ದರು. ಆದರೆ ಲೆಕ್ಕ ಹಾಕುವವರು ಮತ್ತು ಹಾಡುವವರು ಒಂದೇ ಅಂಗಳದಲ್ಲಿ ಇದ್ದರೆ ಏನಾಗುತ್ತದೆ ಎಂದು ಅಲ್ಲಿ ಕಾಣುತ್ತದೆ.

ಬ್ರೆಜಿಲ್‌ನ ನಾಟಕ ನಿರ್ದೇಶಕ ಅಗಸ್ಟೊ ಬೊವಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಫೋರಂ ರಂಗಭೂಮಿಯಲ್ಲಿ ನಾಟಕದ ನಡುವೆ ನೋಡುಗ 'ನಿಲ್ಲಿಸಿ' ಎನ್ನಬಹುದು, ವೇದಿಕೆ ಹತ್ತಿ ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಆಡಿ ತೋರಿಸಬಹುದು. 1993ರಿಂದ 1996ರವರೆಗೆ ಅವರು ರಿಯೊ ನಗರಸಭೆಯ ಸದಸ್ಯರಾಗಿದ್ದರು. ಆಗ ಇಂಥ ಪ್ರದರ್ಶನಗಳಲ್ಲಿ ಜನರಿಂದ ಬಂದ ಸಲಹೆಗಳಲ್ಲಿ 13 ಕಾನೂನುಗಳಾದವು. ನಿಮ್ಮ ಮಗಳ ತಂಡ ಬೆಳಗಿನ ಜಾವದ ಆಮ್ಲಜನಕದ ಕತೆಯನ್ನು ಹೀಗೆ ಆಡಿದರೆ ಕೆರೆದಂಡೆಯವರು ಏನು ಹೇಳುತ್ತಾರೆ, ನೋಡಬೇಕು. ನನಗಂತೂ ಕುತೂಹಲ ಇದೆ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ನಾನೇ ಎತ್ತುತ್ತೇನೆ. ಭಾನುವಾರ ದುಡಿಯಬೇಕಾದ ಮಕ್ಕಳು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿಯರು ಇಂಥ ಕೇಂದ್ರಗಳಿಗೆ ಬರುವುದೇ ಕಷ್ಟ. ಮೇಲೆ ಹೇಳಿದ ವೆನೆಜುವೆಲಾ ಅಧ್ಯಯನದಲ್ಲೂ ಇದೇ ಕಂಡಿತು. ಬಡ ಮಕ್ಕಳಿಗಾಗಿ ಎಂದು ಹೆಸರಾದ ಆ ಕೇಂದ್ರಗಳಿಗೆ ಅರ್ಜಿ ಹಾಕಿದವರಲ್ಲಿ ಬಡವರ ಪಾಲು ಸುತ್ತಲಿನ ಪ್ರಾಂತ್ಯಗಳ ಬಡತನಕ್ಕಿಂತ ಎಷ್ಟೋ ಕಡಿಮೆ ಇತ್ತು. ಬಾಗಿಲು ತೆರೆದಿದ್ದರೆ ಎಲ್ಲರೂ ಬರುತ್ತಾರೆ ಎಂಬುದು ಸುಳ್ಳು. ಷಿಕಾಗೊ, ಬಾಸ್ಟನ್ ಎರಡೂ ಕಡೆ ಸಂಬಳ ಇತ್ತು ಎಂಬುದನ್ನು ಗಮನಿಸಿ. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಉಪಕರಣಕ್ಕೆ ಕೊಡುತ್ತಾರೆ, ಮಕ್ಕಳ ಕೈಗೆ ಭತ್ಯೆ ಕೊಡಿ ಎಂದರೆ ಮುಖ ಸಿಂಡರಿಸುತ್ತಾರೆ. ಅವರ ಪ್ರಕಾರ ಅದು ಮಕ್ಕಳನ್ನು ಕೆಡಿಸುತ್ತದಂತೆ! ಕನಿಷ್ಠ ಹೋಗಿಬರುವ ಖರ್ಚು, ಒಂದು ಹೊತ್ತಿನ ಊಟವಾದರೂ ಇರಬೇಕು.

ಮೂರನೆಯದು, ಗುರುತಿಸುವುದು ಹೇಗೆ. ಹೇಳದೆ ಒಂದು ಭಾನುವಾರ ಹೋಗಿ. ಗೋಡೆಯ ಮೇಲಿನ ಫೋಟೊಗಳನ್ನು ಬಿಟ್ಟುಬಿಡಿ, ನೀರಿನ ದಾಖಲೆ ಪುಸ್ತಕ ಕೇಳಿ. ಎಲ್ಲ ದಿನವೂ ಚೊಕ್ಕವಾಗಿ ತುಂಬಿದ್ದರೆ ಅನುಮಾನಪಡಿ. ಒಳ್ಳೆಯ ಪುಸ್ತಕದಲ್ಲಿ 'ಮಳೆ, ಹೋಗಲಿಲ್ಲ' ಎಂದು ಬರೆದಿರುತ್ತದೆ, 'ಮೀಟರ್ ಕೆಟ್ಟಿದೆ' ಎಂದಿರುತ್ತದೆ, ಅಂಕಿ ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದಿರುತ್ತದೆ. ಮೂರು ವರ್ಷದ ಹಿಂದೆ ನೆಟ್ಟ ಗಿಡ ತೋರಿಸಿ ಎನ್ನಿ. ಪ್ರತಿ ವರ್ಷ ಒಂದೇ ಗುಂಡಿಯಲ್ಲಿ ಗಿಡ ನೆಡುವ ಮಹನೀಯರು ಎಲ್ಲ ಕಡೆ ಇದ್ದಾರೆ. ಮುಂದಿನ ನಾಟಕ ಯಾವುದೆಂದು ಯಾರು ತೀರ್ಮಾನಿಸುತ್ತಾರೆ, ಉಪಕರಣದ ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ದೊಡ್ಡವರನ್ನಲ್ಲ, ಮಕ್ಕಳನ್ನು ಕೇಳಿ. ಅಳತೆಗಳನ್ನು ಕೊನೆಗೆ ಯಾರಿಗೆ ಕೊಡುತ್ತಾರೆ ಎಂದೂ ಕೇಳಿ. ಯಾರಿಗೂ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಸಂಶಯ ಸರಿ ಇದೆ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿಗಿಂತ ಪ್ರಾಯೋಜಕರ ಲಾಂಛನ ದೊಡ್ಡದಿದ್ದರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪರೀಕ್ಷೆಯ ವರ್ಷಕ್ಕೆ ನನ್ನ ಸಲಹೆ ಸರಳ. ಪೂರ್ತಿ ಬಿಡಿಸಬೇಡಿ. ತಿಂಗಳಿಗೆ ಒಂದೋ ಎರಡೋ ಭಾನುವಾರ ಸಾಕು ಎಂದು ಅವಳ ಜೊತೆ ಕೂತು ಮಾತಾಡಿ. ಯಾವುದನ್ನು ಉಳಿಸಿಕೊಳ್ಳುವುದು, ನಾಟಕವೋ ಕೆರೆಯೋ, ಅವಳೇ ಹೇಳಲಿ. ಕೆರೆಯನ್ನು ಬಿಡುವುದಾದರೆ ಈಗಿನಿಂದಲೇ ಒಬ್ಬ ಕಿರಿಯಳಿಗೆ ಕಲಿಸಿಕೊಡಲಿ. ಒಂದು ವರ್ಷದ ಅಳತೆ ತಪ್ಪಿದರೆ ಆಮೇಲೆ ತುಂಬಿಸಲು ಬರುವುದಿಲ್ಲ.

ಅವರ ತಂಡದ ಅಳತೆಗಳನ್ನು ಪ್ರಕಟಿಸಲು ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿದ್ದೇವೆ. ಕೇಂದ್ರದವರ ಒಪ್ಪಿಗೆ ಇದ್ದರೆ ಮಗಳ ಕೈಯಲ್ಲೇ ಕಳಿಸಿಕೊಡಿ. ಜಾಗ, ದಿನ, ಹೊತ್ತು ಮೂರನ್ನೂ ಬರೆದಿರಬೇಕು. ಹುಳಗಳ ಚಿತ್ರ ಇದ್ದರೆ ಅದನ್ನೂ ಸೇರಿಸಿ, ಬಾಲ ಎಣಿಸಿದ್ದು ಮಾತ್ರ.

— ಸಂ.