ಹಾವು, ಬೆಟ್ಟ, ಹಲ್ಲು: ಅಜ್ಟೆಕರ ಬರಹ ಓದುವ ಬಗೆ

ಪ್ರಶ್ನೆ: ಹಿಂದೆ ಮೆಕ್ಸಿಕೋದಲ್ಲಿ ಆಳಿದ ಅಜ್ಟೆಕರ ಹಸ್ತಪ್ರತಿಗಳಲ್ಲಿ ಕಾಣುವುದು ಬರೀ ಚಿತ್ರ. ಅದನ್ನು ಲಿಪಿ ಎನ್ನಬಹುದೇ? ಓದುವುದು ಹೇಗೆ?
(ಧಾರವಾಡದ ಓದುಗರು)

ಉತ್ತರ: ಕಥೆ ಹೇಳುವ ಭಾಗ ಚಿತ್ರವೇ. ಮಾಡು ವಾಲಿ ಉರಿಯುತ್ತಿರುವ ಗುಡಿ ಇದ್ದರೆ ಆ ಊರು ಸೋತಿತೆಂದು ಅರ್ಥ; ಯಾವ ಭಾಷೆಯವರಿಗಾದರೂ ತಿಳಿಯುತ್ತದೆ. ಹೆಸರುಗಳ ಮಾತೇ ಬೇರೆ. ಅವನ್ನು ಅಜ್ಟೆಕರು ಆಡುತ್ತಿದ್ದ ನಹುವಾತ್ಲ್ ಭಾಷೆಯಲ್ಲೇ ಓದಬೇಕು. ಬೆಟ್ಟದ ಜೊತೆ ಹಾವು ಇದೆ ಅನ್ನಿ. ಹಾವು ‘ಕೋವಾತ್ಲ್’, ಬೆಟ್ಟ ‘ತೆಪೆತ್ಲ್’. ಕೂಡಿಸುವಾಗ ‘ತ್ಲ್’ ಉದುರಿ, ಸ್ಥಳ ಸೂಚಿಸುವ ‘ಕ್’ ಸೇರಿ ‘ಕೋವಾತೆಪೆಕ್’ ಆಗುತ್ತದೆ. ಆ ‘ಕ್’ ಚಿತ್ರದಲ್ಲಿಲ್ಲ, ಓದುವವರೇ ಸೇರಿಸಿಕೊಳ್ಳಬೇಕು.

ಇನ್ನು ಮರದ ಕಾಂಡದಲ್ಲಿ ಹಲ್ಲಿನ ಸಾಲು! ಹಲ್ಲಿಗೆ ‘ತ್ಲಾಂತ್ಲಿ’ ಎನ್ನುತ್ತಾರೆ. ‘ತ್ಲಾನ್’ ಎಂದರೆ ‘ಬಳಿ’ ಎನ್ನುವ ಪ್ರತ್ಯಯ. ಸದ್ದು ಹತ್ತಿರವಿದೆಯೆಂದು ಹಲ್ಲು ಬರೆದರು, ಅಷ್ಟೆ. ಊರು ‘ಕ್ವಾವ್ತಿತ್ಲಾನ್’, ಮರಗಳ ಬಳಿಯದು. ನಮ್ಮಲ್ಲಿ ಊರ ಹೆಸರಿನ ‘ಹಳ್ಳಿ’ಗೆ ಗೋಡೆಯ ಹಲ್ಲಿಯನ್ನು ಬರೆದ ಹಾಗೆ. ಹೊಸಬರು ಎಡವುವುದು ಇಲ್ಲೇ: ಹಲ್ಲಿನ ಚಿತ್ರಕ್ಕೂ ಅರ್ಥ ಹುಡುಕಲು ಹೊರಡುತ್ತಾರೆ.

ಲೆಕ್ಕ ಇಪ್ಪತ್ತರ ಪದ್ಧತಿಯದು. ಚುಕ್ಕೆ 1, ಬಾವುಟ 20, ಗರಿಯಂಥ ಗುರುತು 400, ಚೀಲ 8000. 1265 ಬರೆಯಲು ಮೂರು ಗರಿ, ಮೂರು ಬಾವುಟ, ಐದು ಚುಕ್ಕೆ. ಸ್ಥಾನಬೆಲೆ ಇಲ್ಲ, ಕೂಡಿದರೆ ಮುಗಿಯಿತು. ಕಪ್ಪಕಾಣಿಕೆಯ ಪುಟಗಳಲ್ಲಿ ಹೊದಿಕೆಯ ಚಿತ್ರಕ್ಕೆ ಅಂಟಿಕೊಂಡ ಬಾವುಟ ಕಂಡರೆ ಅದು ಧ್ವಜವಲ್ಲ, ಇಪ್ಪತ್ತು. ಸುಮಾರು 1541ರ ಮೆಂಡೋಜಾ ಹಸ್ತಪ್ರತಿಯಲ್ಲಿ (ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ) ಇಂಥವು ಧಾರಾಳ. ನೀಲಿ ಚೌಕದೊಳಗೆ ಚುಕ್ಕೆಗಳಿದ್ದರೆ ಮಾತ್ರ ಅದು ವರ್ಷ: ಮೊಲ, ಜೊಂಡು, ಚಕಮಕಿ ಕಲ್ಲು, ಮನೆ ಎಂಬ ನಾಲ್ಕರಲ್ಲೊಂದರ ಜೊತೆ 1ರಿಂದ 13ರವರೆಗಿನ ಅಂಕಿ. 52 ವರ್ಷಕ್ಕೆ ಮತ್ತೆ ಮೊದಲಿಗೆ ಬರುತ್ತದೆ.

ಪ್ರಶ್ನೆ: ಅವರ ‘ಆಮಾತ್ಲ್’ ಕಾಗದ ಆಲದ ತೊಗಟೆಯದೇ?
(ಶಿರಸಿಯ ಓದುಗರು)

ಉತ್ತರ: ನಮ್ಮ ಆಲವಲ್ಲ, ಆಲ, ಅತ್ತಿಗಳ ಕುಲದ್ದೇ ಆದ ಮೆಕ್ಸಿಕೋದ ಮರಗಳು. ಪುಯೆಬ್ಲಾ ರಾಜ್ಯದ ಸಾನ್ ಪಾಬ್ಲಿತೋದಲ್ಲಿ ಒಟೊಮಿ ಜನ ಇವತ್ತಿಗೂ ಮಾಡುತ್ತಾರೆ. ಬೇಕಾದದ್ದು ಒಳತೊಗಟೆಯ ನಾರು. ಸುಣ್ಣ ಇಲ್ಲವೇ ಬೂದಿ ಬೆರೆಸಿದ ನೀರಲ್ಲಿ ಗಂಟೆಗಟ್ಟಲೆ ಬೇಯಿಸಿ, ಚೆನ್ನಾಗಿ ತೊಳೆಯಬೇಕು. ಬೆಂದ ನಾರು ಬೆರಳಲ್ಲಿ ಎಳೆದರೆ ಸಲೀಸಾಗಿ ಸೀಳಬೇಕು; ಅರೆಬೆಂದದ್ದು ಎಷ್ಟು ಬಡಿದರೂ ಹರಡದೆ ತೂತು ಉಳಿಸುತ್ತದೆ. ಹಲಗೆಯ ಮೇಲೆ ಅಡ್ಡ, ಉದ್ದ ಪಟ್ಟಿಗಳನ್ನು ಜಾಲರಿಯಂತೆ ಜೋಡಿಸಿ, ಚಪ್ಪಟೆ ಕಲ್ಲಿನಿಂದ ಎಡೆಗಳು ಮುಚ್ಚುವ ತನಕ ಬಡಿಯುತ್ತಾರೆ. ಹಲಗೆ ಸಮೇತ ಬಿಸಿಲಿಗಿಟ್ಟು, ಪೂರ್ತಿ ಒಣಗಿದ ಮೇಲೆಯೇ ಬಿಡಿಸಬೇಕು. ಹಲಗೆಗೆ ತಾಗಿದ್ದ ಮಗ್ಗುಲು ನಯವಾಗಿರುತ್ತದೆ.

ಹಿಂದಿನ ಹಸ್ತಪ್ರತಿಗಳಲ್ಲಿ ಬರೆಯುವ ಮುನ್ನ ಬಿಳಿ ಲೇಪ ಹಚ್ಚುತ್ತಿದ್ದರು. ಬರಿಯ ನಾರಿನ ಮೇಲೆ ಮಸಿ ಹಬ್ಬಿ, ಗೆರೆಯ ಅಂಚು ಒಡೆಯುತ್ತದೆ. ಅಂದಹಾಗೆ, ಮೇಲೆ ಹೇಳಿದ ಮೆಂಡೋಜಾ ಪ್ರತಿ ಆಮಾತ್ಲ್ ಅಲ್ಲ, ಯುರೋಪಿನ ಕಾಗದದ ಮೇಲಿದೆ.