ಬಾವಲಿಗಳಲ್ಲಿ ಕಿಣ್ವದ ಏರಿಳಿತವೂ ಕೂಡುವ ಕಾಲವೂ

ಪ್ರಶ್ನೆ: ಬಾವಲಿಗಳ ಜನನಾಂಗಗಳಲ್ಲಿ ಕೆಲವು ಕಿಣ್ವಗಳ ಚಟುವಟಿಕೆ ಋತುವಿಗೆ ತಕ್ಕಂತೆ ಏರಿ ಇಳಿಯುತ್ತದೆ ಎಂದು ಓದಿದೆ. ಕಿಣ್ವ ಹೆಚ್ಚಿರುವ ತಿಂಗಳುಗಳನ್ನೇ ಅವು ಕೂಡುವ ಕಾಲವೆಂದು ತಿಳಿಯಬಹುದೇ?

ಉತ್ತರ: ಅದು ಅವಸರದ ತೀರ್ಮಾನವಾದೀತು. ಯಾವ ಅಂಗದ ಯಾವ ಕಿಣ್ವ ಎಂಬುದನ್ನು ಮೊದಲು ಕೇಳಬೇಕು.

ವೃಷಣದಲ್ಲಿ ವೀರ್ಯಾಣುಗಳನ್ನು ತಯಾರಿಸುವ ನಾಳಗಳ ನಡುವೆ ಲೇಡಿಗ್ ಕೋಶಗಳಿರುತ್ತವೆ. ಕೊಲೆಸ್ಟರಾಲ್‌ನಿಂದ ಟೆಸ್ಟೋಸ್ಟೆರಾನ್ ತಯಾರಾಗುವ ಸರಣಿಯಲ್ಲಿ ಒಂದು ಮುಖ್ಯ ಹೆಜ್ಜೆಯನ್ನು ನಡೆಸುವ 3-ಬೀಟಾ ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರಾಜಿನೇಸ್ ಈ ಕೋಶಗಳಲ್ಲಿದೆ. ಹೆಪ್ಪುಗಟ್ಟಿಸಿದ ವೃಷಣದಿಂದ ಕೊಯ್ದ ತೆಳು ಪದರವನ್ನು ತಕ್ಕ ಸ್ಟೀರಾಯ್ಡ್, ಎನ್‌ಎಡಿ ಎಂಬ ಸಹಾಯಕ ಅಣು ಮತ್ತು ಬಣ್ಣ ಹುಟ್ಟಿಸುವ ಟೆಟ್ರಜೋಲಿಯಂ ಲವಣ ಬೆರೆತ ದ್ರಾವಣದಲ್ಲಿಟ್ಟರೆ, ಕಿಣ್ವ ಇರುವಲ್ಲೆಲ್ಲ ಆ ಲವಣದಿಂದ ಹುಟ್ಟುವ ನೀಲಿ ಫಾರ್ಮಜಾನ್ ಕಣಗಳು ಕೂಡಿಕೊಳ್ಳುತ್ತವೆ. ಆ ನೀಲಿಯು ಹಾರ್ಮೋನು ತಯಾರಿಸುವ ಸಾಮರ್ಥ್ಯವನ್ನು ತೋರಿಸುತ್ತದೆಯೇ ಹೊರತು ರಕ್ತದಲ್ಲಿ ಆ ಹೊತ್ತಿಗೆ ಎಷ್ಟು ಹಾರ್ಮೋನಿದೆ ಎಂಬುದನ್ನಲ್ಲ. ಇವೆರಡನ್ನೂ ಒಂದೇ ಎಂದು ಬಗೆಯುವವರು ಕಡಿಮೆಯೇನಿಲ್ಲ.

ತೊಡಕು ಎದುರಾಗುವುದು ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವ ಬಾವಲಿಗಳಲ್ಲಿ. ಉತ್ತರ ಅಮೆರಿಕದ ಮಯೋಟಿಸ್ ಲ್ಯೂಸಿಫ್ಯೂಗಸ್ ಎಂಬ ಪುಟ್ಟ ಕಂದು ಬಾವಲಿಯಲ್ಲಿ ವೀರ್ಯಾಣುಗಳು ಬೇಸಿಗೆಯಲ್ಲಿ ತಯಾರಾಗುತ್ತವೆ, ಕೂಡುವಿಕೆ ಮುಖ್ಯವಾಗಿ ಶರತ್ಕಾಲದಲ್ಲಿ ನಡೆಯುತ್ತದೆ, ಅಂಡ ಹೊರಬೀಳುವುದು ಮಾತ್ರ ವಸಂತದಲ್ಲಿ, ನಿದ್ರೆ ಮುಗಿದ ಮೇಲೆ. ಅಲ್ಲಿಯವರೆಗೆ ವೀರ್ಯಾಣುಗಳು ಹೆಣ್ಣಿನ ಗರ್ಭಕೋಶದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿ ಉಳಿಯುತ್ತವೆ. ಗಂಡಿನಲ್ಲಿ ವೃಷಣದ ನಾಳಗಳು ಆಗಲೇ ಸೊರಗಿರುತ್ತವೆ. ಆದರೆ ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳವಾದ ಅಧಿವೃಷಣದ ಬಾಲದಲ್ಲಿ, ಅಂದರೆ ಅದರ ಕೊನೆಯ ಭಾಗದಲ್ಲಿ, ವೀರ್ಯಾಣುಗಳು ತುಂಬಿಕೊಂಡಿರುತ್ತವೆ, ವೀರ್ಯದ ದ್ರವವನ್ನು ಸ್ರವಿಸುವ ಸಹಾಯಕ ಗ್ರಂಥಿಗಳೂ ಚಳಿಗಾಲವಿಡೀ ಉಬ್ಬಿಕೊಂಡಿರುತ್ತವೆ. ಹೀಗಾಗಿ ಜನವರಿಯಲ್ಲಿ ವೃಷಣವನ್ನಷ್ಟೇ ಪರೀಕ್ಷಿಸಿದವರಿಗೆ ಆ ಗಂಡು ಸಂತಾನದ ಗೊಡವೆಯನ್ನೇ ಬಿಟ್ಟಂತೆ ಕಾಣುತ್ತದೆ, ಗ್ರಂಥಿಗಳನ್ನು ನೋಡಿದವರಿಗೆ ಅದು ಕೂಡಲು ಸಿದ್ಧವಾಗಿರುವಂತೆ ಕಾಣುತ್ತದೆ. ಎರಡನೆಯವರ ಮಾತೇ ಸರಿ: ನಿದ್ರೆಯ ನಡುವೆ ಎಚ್ಚೆತ್ತ ಗಂಡುಗಳು ಇನ್ನೂ ಮರಗಟ್ಟಿ ಮಲಗಿರುವ ಹೆಣ್ಣುಗಳೊಡನೆ ಕೂಡುವುದುಂಟು.

ಆಸಿಡ್ ಫಾಸ್ಫಟೇಸಿನ ಸ್ವಭಾವವೇ ಬೇರೆ. ಕೋಶದೊಳಗಿನ ಪುಟ್ಟ ಚೀಲಗಳಾದ ಲೈಸೊಸೋಮ್‌ಗಳಲ್ಲಿರುವ ಈ ಕಿಣ್ವ ಕೋಶದೊಳಗೆ ಬೇಡವಾದುದನ್ನು ಒಡೆಯುವ ಕೆಲಸದಲ್ಲಿ ಪಾಲ್ಗೊಳ್ಳುವುದರಿಂದ, ಸೊರಗುತ್ತಿರುವ ವೃಷಣದಲ್ಲಾಗಲಿ ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಮೂಡಿ ಈಗ ಕ್ಷೀಣಿಸುತ್ತಿರುವ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿಯಲ್ಲಾಗಲಿ ಅದರ ಏರಿಕೆ ಸಂತಾನಕಾಲ ಮುಗಿಯುತ್ತಿದೆ ಎಂಬುದರ ಸೂಚನೆಯೂ ಆಗಿರಬಹುದು.

ಉಷ್ಣವಲಯದ ಬಾವಲಿಗಳಿಗೆ ಮೇಲಿನ ವೇಳಾಪಟ್ಟಿಯನ್ನು ಹಾಗೆಯೇ ಅನ್ವಯಿಸಲಾಗದು. ಭಾರತದ ಹಣ್ಣುಬಾವಲಿ ಸೈನೋಪ್ಟೆರಸ್ ಸ್ಫಿಂಕ್ಸ್ ವರ್ಷಕ್ಕೆ ಎರಡು ಬಾರಿ ಮರಿ ಹಾಕುವುದರಿಂದ, ಅದರ ಕಿಣ್ವಗಳ ನಕ್ಷೆಯಲ್ಲಿ ಒಂದೇ ಶಿಖರವನ್ನು ಹುಡುಕುವುದರಲ್ಲಿ ಅರ್ಥವಿಲ್ಲ.